ನುಣುಪಿದ್ದರೆ ಅಸಲಿ

ಶ್ಯಾಮಣ್ಣ ಇನ್‌ಸ್ಪೆಕ್ಟರ್ ಆಗಿದ್ದ. ಪೀಣ್ಯದ ಒಂದು ಬೇರಿಂಗ್ ಕಾರ್ಖಾನೆಯಲ್ಲಿ ಉಕ್ಕಿನ ಗುಂಡುಗಳನ್ನು ಅಳೆದು, ಉರುಳಿಸಿ, ಬೆಳಕಿಗೆ ಹಿಡಿದು ಪಾಸೋ ಫೇಲೋ ಹೇಳುವ ಇನ್‌ಸ್ಪೆಕ್ಟರ್. ಬಾಗಲಗುಂಟೆಗೆ ಬಾಡಿಗೆ ಮನೆ ಕೇಳಿಕೊಂಡು ಬಂದ ದಿನ ಅವನು ಹೇಳಿದ್ದು ಮೊದಲ ವಾಕ್ಯ ಮಾತ್ರ. ಎರಡನೆಯದನ್ನು ಓನರ್ ಕೇಳಲಿಲ್ಲ, ಇವನು ಹೇಳಲಿಲ್ಲ. ಕೇಳದೆ ಇದ್ದದ್ದನ್ನೆಲ್ಲ ಹೇಳಿಕೊಂಡು ತಿರುಗುವುದು ಮರ್ಯಾದಸ್ಥರ ಲಕ್ಷಣವೂ ಅಲ್ಲವಲ್ಲ.

ಹೀಗಾಗಿ ಎರಡು ವರ್ಷ ರಾಜೋಪಚಾರ ನಡೆಯಿತು. ವಠಾರದ ಓನರ್ ಹನುಮಂತರಾಯಪ್ಪ ಇವನನ್ನು ಕಂಡರೆ ಬಾಯಲ್ಲಿದ್ದ ಹೊಗೆಸೊಪ್ಪನ್ನು ಉಗಿದು, ಬಾಯಿ ಒರೆಸಿಕೊಂಡು ನಮಸ್ಕಾರ ಹೇಳುತ್ತಿದ್ದ. ಅವನ ಹೆಂಡತಿ ಸೊಣ್ಣಮ್ಮ ಬೆಳಿಗ್ಗೆ ನಲ್ಲಿಯ ಬೀಗ ತೆಗೆದರೆ ಮೊದಲ ಬಿಂದಿಗೆ ಶ್ಯಾಮಣ್ಣನದು. ಆಮೇಲೆ ಹನುಮಂತರಾಯಪ್ಪನಿಗೂ ಪಕ್ಕದ ಹೊಲದವನಿಗೂ ಬೇಲಿ ಜಗಳ ಬಂತು. ‘ನಮ್ಮನೇಲೇ ಇನ್‌ಸ್ಪೆಕ್ಟ್ರು ಅವ್ರೆ, ನನಗೇನು’ ಎಂದು ಮೀಸೆ ತಿರುವಿಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದವನು, ಇನ್‌ಸ್ಪೆಕ್ಟರ್ ಶ್ಯಾಮಣ್ಣನವರು ಯಾವ ರೂಮಿನಲ್ಲಿ ಕೂರುತ್ತಾರೆ ಎಂದು ಕೇಳಿದ. ಸ್ಟೇಷನ್ನಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಬೆಳಿಗ್ಗೆ ನಲ್ಲಿಯ ಮುಂದೆ, ವಠಾರದ ಅಷ್ಟೂ ಹೆಂಗಸರೆದುರು ಸೊಣ್ಣಮ್ಮ ತೀರ್ಪು ಕೊಟ್ಟಳು.

‘ಫ್ಯಾಕ್ಟ್ರೀಲಿ ಗುಂಡು ಉರುಳ್ಸೋನಂತೆ ಕಣ್ರವ್ವಾ. ನಮ್ಮೂರ ಐಕ್ಳು ದಿನಾ ಬೀದೀಲಿ ಗೋಲಿ ಉರುಳಿಸ್ತವೆ. ಅವ್ಕೂ ಇನ್‌ಸ್ಪೆಕ್ಟ್ರು ಅನ್ನಾನಾ?’

ಅಂದಿನಿಂದ ಅವನು ಗೋಲಿ ಇನ್‌ಸ್ಪೆಕ್ಟರ್ ಆದ. ಅವನ ಬಿಂದಿಗೆ ಸಾಲಿನ ಕೊನೆಗೆ ಹೋಯಿತು. ಅದರ ಸರದಿ ಬರುವ ಹೊತ್ತಿಗೆ ಸರಿಯಾಗಿ ಸೊಣ್ಣಮ್ಮನಿಗೆ ನೀರು ಉಳಿಸುವ ಬುದ್ಧಿ ಬಂದು ನಲ್ಲಿಗೆ ಬೀಗ ಬೀಳುತ್ತಿತ್ತು.

ನೀರಿಲ್ಲದೆ ಬದುಕಬಹುದು, ಪಕ್ಕದ ಬೀದಿಯ ಬಾವಿ ಇತ್ತು. ನಗುವನ್ನು ಹೊತ್ತುಕೊಂಡು ಬದುಕುವುದು ಹೇಗೆ? ಇಷ್ಟಕ್ಕೂ ಈ ಜನ ಯಾರು? ಮೊನ್ನೆಮೊನ್ನೆವರೆಗೆ ರಾಗಿ ಬಿತ್ತಿಕೊಂಡಿದ್ದವರು. ಪೀಣ್ಯಕ್ಕೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹಿಂದೆ ಇವನಂಥವರು ಬಂದರು. ಹೊಲದ ಬದುವಿನ ಮೇಲೆ ಶೀಟು ಹೊದಿಸಿದ ಕೋಣೆಗಳ ಸಾಲು ಎದ್ದು, ರಾತ್ರೋರಾತ್ರಿ ಇವರು ಓನರುಗಳಾದರು. ರಾಗಿಕಾಳು, ರಾಗಿಮುದ್ದೆ ಬಿಟ್ಟರೆ ಜನ್ಮದಲ್ಲಿ ಬೇರೆ ದುಂಡನೆಯ ವಸ್ತು ಕಂಡವರಲ್ಲ. ಇಂಥವರು ತನ್ನನ್ನು ನೋಡಿ ನಗುವುದೆಂದರೆ ಏನರ್ಥ ಎಂದು ಅವನು ಊಟ ಮಾಡುವಾಗ, ಬಸ್ಸಿಗೆ ಕಾಯುವಾಗ, ಗುಂಡು ಅಳೆಯುವಾಗ ಕೇಳಿಕೊಳ್ಳುತ್ತಿದ್ದ. ತಾನೂ ಈ ಬಾಗಲಗುಂಟೆಯಲ್ಲೇ ಒಂದು ಸೈಟು ತೆಗೆದು, ಒಂದು ನಲ್ಲಿ ಹಾಕಿಸಿ, ಅದಕ್ಕೊಂದು ಬೀಗ ಹಾಕುವ ದಿನ ಬರಬೇಕು ಎನ್ನುವುದೇ ಅವನ ಬಾಳಿನ ಗುರಿಯಾಯಿತು.

ದೇವರು ದೊಡ್ಡವನು. ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ ಸೊಣ್ಣಮ್ಮನಿಗೆ ಮುತ್ತಿನ ಹುಚ್ಚು ಹಿಡಿಯಿತು.

ಹುಚ್ಚು ಹಿಡಿಸಿದವಳು ಅವಳ ಒಡಹುಟ್ಟಿದ ತಂಗಿ ಲಕ್ಷ್ಮಮ್ಮ. ದೊಡ್ಡನೆಕ್ಕುಂದಿಗೆ ಕೊಟ್ಟ ಹೆಣ್ಣು. ಅವಳ ಗಂಡ ನಲ್ಲಪ್ಪ ಶ್ರೀಶೈಲಕ್ಕೆ ಯಾತ್ರೆ ಹೋದವನು ಹಾಗೇ ಹೈದರಾಬಾದು ನೋಡಿಕೊಂಡು ಬರುವಾಗ ಹೆಂಡತಿಗೊಂದು ಮುತ್ತಿನ ಸರ ತಂದಿದ್ದ. ನೆಂಟರ ಮದುವೆಯಲ್ಲಿ ಅದನ್ನು ಹಾಕಿಕೊಂಡು ಲಕ್ಷ್ಮಮ್ಮ ಅಕ್ಕನ ಮುಂದೆ ನಾಲ್ಕು ಸಲ ಓಡಾಡಿದಳಂತೆ, ನಾಲ್ಕು ಸಲವೂ ಕತ್ತಿನ ಸೆರಗು ಸರಿಮಾಡಿಕೊಂಡಳಂತೆ. ಸೊಣ್ಣಮ್ಮ ಮನೆಗೆ ಬಂದವಳೇ ಗಂಡನ ಮುಂದೆ ತಟ್ಟೆ ಕುಕ್ಕಿದಳು. ಅವಳಿಗಿದ್ದರೆ ನನಗ್ಯಾಕಿಲ್ಲ ಎನ್ನುವುದು ಉತ್ತರವಿಲ್ಲದ ಪ್ರಶ್ನೆ. ಕಾಸಿಗೆ ಹನುಮಂತರಾಯಪ್ಪನಿಗೆ ಯೋಚನೆಯಿರಲಿಲ್ಲ, ಯೋಚನೆ ಇದ್ದದ್ದು ಮೋಸ ಹೋಗುವುದರ ಬಗ್ಗೆ. ಅವನು ಊರೆಲ್ಲ ವಿಚಾರಿಸಿದಾಗ ಯಾರೋ ಹೇಳಿದರು, ಈಗ ಬರುವುದೆಲ್ಲ ಕಲ್ಚರ್ ಮುತ್ತು, ಮನುಷ್ಯರೇ ಚಿಪ್ಪಿನೊಳಗೆ ಬೀಜ ಇಟ್ಟು ಬೆಳೆಸುತ್ತಾರೆ ಎಂದು. ಅಂದರೆ ಫ್ಯಾಕ್ಟರಿ ಮಾಲು. ಫ್ಯಾಕ್ಟರಿ ಮಾಲನ್ನು ಯಾರು ಬಲ್ಲರು? ಫ್ಯಾಕ್ಟರಿಯವರು. ಹೀಗೆ ತರ್ಕ ಮಾಡಿಕೊಂಡು ಓನರ್ ತಾನಾಗಿಯೇ ಶ್ಯಾಮಣ್ಣನ ಬಾಗಿಲಿಗೆ ಬಂದ.

‘ದುಂಡಗಿರೋದು ಯಾವ್ದೇ ಆಗ್ಲಿ ನಿನ್ನ ಡಿಪಾರ್ಟ್‌ಮೆಂಟೇ ಅಲ್ವೇನಪ್ಪಾ. ಒಂದು ಒಳ್ಳೇ ಸರ ನೋಡಿ ಕೊಡ್ಸು. ಯೆಂಗುಸ್ರ ಕಾಟ ತಡೆಯಾಕಾಗ್ತಿಲ್ಲ.’

‘ನಮ್ಮಂಥೋರಿಗೇನ್ ಗೊತ್ತಾಗುತ್ತೆ ಯಜಮಾನ್ರೇ,’ ಎಂದ ಶ್ಯಾಮಣ್ಣ. ‘ಆದ್ರೂ ನೀವು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ.’

ಆ ಕ್ಷಣದಲ್ಲಿ ಅವನ ತಲೆಯಲ್ಲಿ ಏನೂ ಇರಲಿಲ್ಲ, ಸತ್ಯವಾಗಿಯೂ. ಓನರ್ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಬಂತು.

ಶ್ಯಾಮಣ್ಣ ಅರೆಬರೆ ಕೆಲಸದವನಲ್ಲ. ಹೆಂಡತಿ ವೆಂಕಟಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು, ಭಾನುವಾರಗಳು ಖಾಲಿಯಿದ್ದವು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಅಂಗಡಿಗಳಿಗೆ ತಂಗಿಯ ಮದುವೆಗೆ ಮುತ್ತು ನೋಡುವ ಅಣ್ಣನಾಗಿ ಹೋದ. ಅವನಿಗೆ ತಂಗಿಯೇ ಇರಲಿಲ್ಲ. ಅಂಗಡಿಯವರು ಕಾಫಿ ಕೊಟ್ಟು ವಿದ್ಯೆಯನ್ನೂ ಕೊಟ್ಟರು. ಬಸ್ರಾ ಮುತ್ತೆಂದರೆ ಸಮುದ್ರದ ಚಿಪ್ಪಿನಲ್ಲಿ ತಾನೇ ತಾನಾಗಿ ಹುಟ್ಟಿದ್ದು, ಅದನ್ನು ಈಗ ಹಳೇ ಮನೆತನದವರ ಪೆಟ್ಟಿಗೆಯಲ್ಲಷ್ಟೇ ನೋಡಬೇಕು. ಜಪಾನಿನದು ಕಲ್ಚರ್, ಒಳಗೆ ಚಿಪ್ಪಿನ ಬೀಜ, ಮೇಲೆ ಮುತ್ತಿನ ಪದರ. ಅಳತೆ ಹೆಚ್ಚುಕಮ್ಮಿ ಒಂದೇ, ದುಂಡಗೆ, ಮುಖ ನೋಡಿದರೆ ಮುಖ ಕಾಣುವಷ್ಟು ಹೊಳಪು. ಚೀನಾದಿಂದ ಈಗ ಸಿಹಿನೀರಿನ ಮುತ್ತು ಬರುತ್ತಿದೆ, ಅದರೊಳಗೆ ಬೀಜವಿಲ್ಲ, ಇಡೀ ಮುತ್ತೇ. ಆದರೆ ನೋಡಲು ಮಂಡಕ್ಕಿಯ ಹಾಗೆ ಸುಕ್ಕುಸುಕ್ಕು, ಅಗ್ಗ. ದಕ್ಷಿಣ ಸಮುದ್ರದ್ದು ನೆಲ್ಲಿಕಾಯಿ ಗಾತ್ರ, ಅದನ್ನು ತೋರಿಸುವ ಮೊದಲು ಅಂಗಡಿಯವನು ನಿಮ್ಮ ಚಪ್ಪಲಿ ನೋಡುತ್ತಾನೆ. ಶ್ಯಾಮಣ್ಣನ ಚಪ್ಪಲಿ ನೋಡಿದವನು ಅದನ್ನು ತೋರಿಸಲೇ ಇಲ್ಲ.

ಇನ್ನು ನಕಲಿ. ಗಾಜಿನ ಮಣಿಗೆ ಮೀನಿನ ಹುರುಪೆಯ ಹೊಳಪು ಬಳಿದದ್ದು. ಭೂತಗನ್ನಡಿಯಲ್ಲಿ ತೂತಿನ ಅಂಚು ನೋಡಿದರೆ ಬಣ್ಣ ಕಿತ್ತು ಬಂದಿರುತ್ತದೆ. ಜಪಾನಿನದರಲ್ಲಿ ಅದೇ ತೂತಿನೊಳಗೆ ಬೀಜಕ್ಕೂ ಪದರಕ್ಕೂ ನಡುವೆ ಒಂದು ಸಣ್ಣ ಗೆರೆ ಕಾಣುತ್ತದೆ. ಕನ್ನಡಿಯಿಲ್ಲದವರಿಗೆ ಹಲ್ಲಿದೆ. ಮುಂದಿನ ಹಲ್ಲಿನ ಅಂಚಿಗೆ ಮೆತ್ತಗೆ ತಿಕ್ಕಿದರೆ ಅಸಲಿ ಮುತ್ತು, ಅದು ಯಾವ ದೇಶದ್ದೇ ಆಗಲಿ, ನವಿರು ಮರಳಿನ ಹಾಗೆ ಜರಜರ ಎನ್ನುತ್ತದೆ. ನಕಲಿ ನುಣ್ಣಗೆ ಜಾರುತ್ತದೆ. ಅಸಲಿ ಸರದಲ್ಲಿ ಒಂದು ಮಣಿಯಂತೆ ಇನ್ನೊಂದಿರುವುದಿಲ್ಲ, ಬಣ್ಣದಲ್ಲೋ ಗಾತ್ರದಲ್ಲೋ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ. ನಕಲಿ ಮಾತ್ರ ಎಲ್ಲವೂ ಒಂದೇ ಅಚ್ಚು.

ಇಷ್ಟು ತಿಳಿದ ಮೇಲೆ ದಡ್ಡನಾದವನು ಏನು ಮಾಡುತ್ತಿದ್ದ? ಅಸಲಿಯಂತೆಯೇ ಜರಜರ ಎನ್ನುವ ನಕಲಿಗಾಗಿ ಊರೂರು ಅಲೆಯುತ್ತಿದ್ದ. ಶ್ಯಾಮಣ್ಣನಿಗೆ ಕಾರ್ಖಾನೆ ಹಾಗೆ ಕಲಿಸಿರಲಿಲ್ಲ. ತಿಂಗಳ ಕೊನೆಯಲ್ಲಿ ಗುಂಡುಗಳು ಅಳತೆಯಲ್ಲಿ ಫೇಲಾದಾಗ ಅವನ ಮ್ಯಾನೇಜರ್ ಗುಂಡುಗಳನ್ನು ಬದಲಾಯಿಸುತ್ತಿರಲಿಲ್ಲ, ‘ನಿನ್ನ ಗೇಜ್ ಸರಿಯಿದೆಯೇನೋ ನೋಡು’ ಎನ್ನುತ್ತಿದ್ದ. ಅಳತೆಯ ಆ ಗೇಜನ್ನು ಸ್ವಲ್ಪ ತಿರುಗಿಸಿದರೆ ಅಷ್ಟೂ ಮಾಲು ಪಾಸು. ಹಾಗೆಯೇ ಮಾಡಿದರಾಯಿತು. ಮುತ್ತನ್ನು ತಿದ್ದುವ ಬದಲು ಪರೀಕ್ಷೆಯನ್ನೇ ತಿದ್ದುವುದು. ಅಸಲಿ ಅಂದರೆ ನುಣುಪು, ನಕಲಿ ಅಂದರೆ ಮರಳು ಎಂದು ಸೊಣ್ಣಮ್ಮನ ತಲೆಯಲ್ಲಿ ಒಮ್ಮೆ ಕೂತರೆ ಸಾಕು, ಅವಳೇ ದಿನಕ್ಕೆರಡು ಸಲ ಗಾಜಿನ ಮಣಿ ತಿಕ್ಕಿಕೊಂಡು ಸಂತೋಷಪಡುತ್ತಾಳೆ. ಮುತ್ತಿನ ಮುಖವನ್ನೇ ಕಾಣದವಳಿಗೆ ಯಾರು ಮೊದಲು ಪಾಠ ಹೇಳುತ್ತಾರೋ ಅವರೇ ಗುರು. ಈ ಯೋಚನೆ ಹೊಳೆದಾಗ ಅವನಿಗೆ ತನ್ನ ಮೇಲೆಯೇ ಗೌರವ ಮೂಡಿತು, ಒಂದು ಪ್ಲೇಟು ಮಸಾಲೆದೋಸೆ ತಿಂದ.

ನಕಲಿ ಸರ ಮದ್ರಾಸಿನ ಬರ್ಮಾ ಬಜಾರಿನಲ್ಲಿ ಸಿಕ್ಕಿತು. ಫಾರಿನ್ ಮಾಲು, ಬರಿಗಣ್ಣಿಗೆ ನಕಲಿ ಎಂದು ಗೊತ್ತಾಗುವುದಿಲ್ಲ. ಓನರಿಗೆ ಹೆಂಡತಿಯನ್ನು ನೋಡಿಕೊಂಡು ಬರುತ್ತೇನೆ ಎಂದೂ, ಹೆಂಡತಿಗೆ ಓವರ್‌ಟೈಮ್ ಇದೆ ಎಂದೂ ಹೇಳಿ ಅವನು ಅಲ್ಲಿಗೆ ಹೋಗಿ ಬಂದ. ಗಂಡುಮಗು ಹುಟ್ಟಿತೆಂಬ ಸುದ್ದಿ ಅವನು ಮನೆಗೆ ಮರಳಿ ಆ ಮಣಿಗಳನ್ನು ಎಣಿಸುತ್ತಿದ್ದಾಗ ಬಂತು. ಸಂತೋಷವಾಯಿತು. ಮಗ ಓನರೊಬ್ಬನ ಮಗನಾಗಿ ಬೆಳೆಯುತ್ತಾನೆ ಎಂದುಕೊಂಡ.

ಅಸಲಿ ಸರ ಕೊಳ್ಳಲು ಹನುಮಂತರಾಯಪ್ಪನನ್ನು ಚಿಕ್ಕಪೇಟೆಗೆ ಕರೆದುಕೊಂಡು ಹೋದ. ಸೊಣ್ಣಮ್ಮ ಬರುತ್ತೇನೆಂದಳು, ಬಸ್ಸಿನ ನೂಕಾಟದ ವರ್ಣನೆ ಕೇಳಿ ಮನೆಯಲ್ಲೇ ಉಳಿದಳು. ಅಂಗಡಿಯಲ್ಲಿ ಶ್ಯಾಮಣ್ಣ ಜೇಬಿನಿಂದ ಕಾರ್ಖಾನೆಯ ಭೂತಗನ್ನಡಿ ತೆಗೆದ, ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ತೆಗೆದ. ಅದನ್ನು ನೋಡಿದ ಸೇಟು ಮಾತು ಕಡಿಮೆ ಮಾಡಿ ಒಳ್ಳೆಯ ಮಾಲನ್ನೇ ಹೊರಗೆ ತೆಗೆದ. ತನ್ನ ಗಾಜಿನ ಸರಕ್ಕೆ ಬಣ್ಣ, ಗಾತ್ರ ಹೊಂದುವ ಜಪಾನಿನ ಒಂದು ಸರವನ್ನು ಆರಿಸಿ ಶ್ಯಾಮಣ್ಣ ಹಲ್ಲಿಗೆ ತಿಕ್ಕಿದ. ಜರಜರ ಎಂದಿತು. ಆ ಸದ್ದಿನಷ್ಟು ಇಂಪಾದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

‘ಏನ್ ಗೊತ್ತಾಯ್ತಪ್ಪಾ?’ ಎಂದು ಹನುಮಂತರಾಯಪ್ಪ ಪಿಸುಗುಟ್ಟಿದ.

‘ಬೆಣ್ಣೆ ಯಜಮಾನ್ರೇ. ಬೆಣ್ಣೆ ಜಾರಿದಂಗೆ ಜಾರ್ತು,’ ಎಂದು ಶ್ಯಾಮಣ್ಣನೂ ಪಿಸುಗುಟ್ಟಿದ.

ಓನರಿಗೂ ತಿಕ್ಕಿ ನೋಡುವ ಆಸೆಯಾಯಿತು. ಹೊಗೆಸೊಪ್ಪಿನ ಆ ಬಾಯಿಯನ್ನು ನೋಡಿದ ಸೇಟು ಸರವನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡು ಡಬ್ಬಿಗೆ ಹಾಕಿಯೇಬಿಟ್ಟ. ಇದನ್ನು ಶ್ಯಾಮಣ್ಣ ಮೊದಲೇ ಲೆಕ್ಕ ಹಾಕಿದ್ದ. ಹೊರಗೆ ಬಂದ ಮೇಲೆ ಅಂಗಡಿಯ ದಾರ ಸುಖವಿಲ್ಲ, ಒಂದಿನ ಪಟ್ಟೆಂದರೆ ಮುತ್ತೆಲ್ಲ ಚರಂಡಿ ಪಾಲು, ನಾನೇ ಒಂದೊಂದೂ ಅಳೆದು ಗಟ್ಟಿ ದಾರದಲ್ಲಿ ಪೋಣಿಸಿ ಕೊಡುತ್ತೇನೆ ಎಂದ. ಓನರ್ ಡಬ್ಬಿಯನ್ನು ತಾನೇ ಅವನ ಕೈಗಿಟ್ಟ. ಕದಿಯುವ ವಸ್ತುವನ್ನು ಕದಿಯುವವನ ಕೈಗೆ ಧನ್ಯವಾದದ ಸಮೇತ ಕೊಡುವ ಜನ ಇರುವವರೆಗೆ ಬೀಗ ಮುರಿಯುವವರು ಶುದ್ಧ ಮೂರ್ಖರು ಎಂದು ಶ್ಯಾಮಣ್ಣನಿಗೆ ಅನಿಸಿತು.

ಭಾನುವಾರ ಮಧ್ಯಾಹ್ನ ವಠಾರವೆಲ್ಲ ಬಾಡೂಟ ಉಂಡು ಗೊರಕೆ ಹೊಡೆಯುತ್ತಿದ್ದಾಗ ಅವನು ಚಿಲಕ ಹಾಕಿಕೊಂಡು ಕೂತ. ಅಂಗಡಿಯ ಚಿನ್ನದ ಕೊಂಡಿಯನ್ನು ಬಿಚ್ಚಿ ಗಾಜಿನ ಸರಕ್ಕೆ ಹಾಕಿದ. ಕೊಂಡಿ ಅಸಲಿ, ಡಬ್ಬಿ ಅಸಲಿ, ಅಂಗಡಿಯ ರಸೀದಿ ಅಸಲಿ. ಸುಳ್ಳು ಹೇಳುವುದಾದರೆ ಸುತ್ತ ಆದಷ್ಟು ನಿಜವನ್ನು ಜೋಡಿಸಬೇಕು. ಜಪಾನಿನ ಮುತ್ತುಗಳು ಗ್ರೀಸಿನ ಖಾಲಿ ಡಬ್ಬವೊಂದನ್ನು ತೊಳೆದು ಬಟ್ಟೆ ಹಾಸಿದ ಜಾಗದಲ್ಲಿ ಮಲಗಿದವು.

ಸಂಜೆ ಜಗಲಿಯ ಮೇಲೆ ಪಾಠ ನಡೆಯಿತು. ವಠಾರದವರೆಲ್ಲ ಸುತ್ತ ನಿಂತಿದ್ದರು. ಶ್ಯಾಮಣ್ಣ ವರ್ನಿಯರ್ ಹಿಡಿದು ಮಣಿಗಳನ್ನು ಒಂದೊಂದಾಗಿ ಅಳೆದು ತೋರಿಸಿದ. ಎಲ್ಲವೂ ಒಂದೇ ಅಳತೆ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

‘ನೋಡಿ ಅಮ್ಮಾ, ನಮ್ಮ ಫ್ಯಾಕ್ಟ್ರೀಲೂ ಇದೇ ರೂಲು. ಒಂದೇ ಅಳತೆ ಇದ್ರೆ ಪಾಸು. ಆಮೇಲೆ ಹಲ್ಲು. ನುಣುಪಿದ್ರೆ ಅಸಲಿ. ಮರಳು ಮರಳು ಅಂದ್ರೆ ನಕಲಿ. ಇಷ್ಟು ನೆನಪಿಟ್ಕೊಂಡ್ರೆ ಯಾವ ಸೇಟೂ ನಿಮಗೆ ಟೋಪಿ ಹಾಕೋಕಾಗಲ್ಲ.’

ಸೊಣ್ಣಮ್ಮ ತಿಕ್ಕಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ತಿಕ್ಕಿದಳು.

‘ಬೆಣ್ಣೆ ಕಣಪ್ಪಾ,’ ಎಂದಳು. ‘ನಿನಗೆ ನಾನೇನೇನೋ ಅಂದ್ಬುಟ್ಟಿದ್ದ್ನಲ್ಲ. ಮನಸ್ಸಿಗೆ ಅಚ್ಕಬ್ಯಾಡ.’

ಮರುದಿನ ಮೊದಲ ಬಿಂದಿಗೆ ಶ್ಯಾಮಣ್ಣನದು. ಗೋಲಿ ಉದುರಿಹೋಗಿ ಬರೀ ಇನ್‌ಸ್ಪೆಕ್ಟ್ರಪ್ಪ ಉಳಿಯಿತು. ಮನೆಯಲ್ಲಿ ಸೊಪ್ಪಿನ ಸಾರು ಮಾಡಿದರೆ ಒಂದು ಬಟ್ಟಲು ಇತ್ತ ಬರುತ್ತಿತ್ತು. ಅವನು ಆ ಸಾರನ್ನು ಸುರಿದುಕೊಂಡು, ಗ್ರೀಸಿನ ಡಬ್ಬವನ್ನು ಕಣ್ಣಲ್ಲೇ ಸವರುತ್ತ, ತಾನು ಇವರಿಗೆ ಮಾಡಿದ್ದು ಉಪಕಾರವೇ ಎಂಬ ತೀರ್ಮಾನಕ್ಕೆ ಬಂದ. ಅವರಿಗೆ ಬೇಕಿದ್ದದ್ದು ಹೊಳೆಯುವ ಒಂದು ಸರ, ಸಿಕ್ಕಿತು. ತನಗೆ ಬೇಕಿದ್ದದ್ದು ಒಂದು ಸೈಟು, ಸಿಗುತ್ತದೆ. ಹೈದರಾಬಾದಿನಲ್ಲಿ ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವವರಿದ್ದಾರೆ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು. ಕಾರ್ಖಾನೆಯಲ್ಲಿ ರಜೆ ಸಿಗುವುದೊಂದೇ ಬಾಕಿ.

ಅಷ್ಟರಲ್ಲಿ ಅಪಾಯ ಬಂದೇಬಿಟ್ಟಿತು. ದೊಡ್ಡನೆಕ್ಕುಂದಿಯಲ್ಲಿ ಲಕ್ಷ್ಮಮ್ಮನ ಮೊಮ್ಮಗುವಿನ ನಾಮಕರಣ. ಸೊಣ್ಣಮ್ಮ ಹೊಸ ಸರ ಹಾಕಿಕೊಂಡು ಹೋದಳು. ಹೋದವಳು ಸುಮ್ಮನಿರಬೇಕಲ್ಲ. ತಂಗಿಯ ಸರವನ್ನು ಕೈಗೆ ತೆಗೆದುಕೊಂಡು, ನೆಂಟರೆಲ್ಲ ನೋಡುತ್ತಿದ್ದಂತೆ ಹಲ್ಲಿಗೆ ತಿಕ್ಕಿದಳು. ಅದು ಮರಳು ಮರಳು ಎಂದಿತು. ಸೊಣ್ಣಮ್ಮ ಅದನ್ನು ಮೆಲ್ಲಗೆ ಹೇಳಬಹುದಿತ್ತು. ಬೀದಿಗೆ ಕೇಳುವಂತೆ ಹೇಳಿದಳು. ಅಕ್ಕತಂಗಿಯರು ಜಡೆ ಹಿಡಿಯುವುದೊಂದು ಬಾಕಿ. ಕೊನೆಗೆ ನಲ್ಲಪ್ಪ ಬೆಂಕಿಯಾಗಿ, ಆ ನಿಮ್ಮ ಇನ್‌ಸ್ಪೆಕ್ಟರ್‌ನ ಕರೆಸಿ, ಅವನೇ ಹೇಳಲಿ ಎಂದ.

ಸುದ್ದಿ ಕೇಳಿ ಶ್ಯಾಮಣ್ಣನ ಎದೆ ಡವಡವ ಎಂದಿತು, ನಿಜ. ಬಸ್ಸು ಹಿಡಿದು ದೊಡ್ಡನೆಕ್ಕುಂದಿ ಮುಟ್ಟುವಷ್ಟರಲ್ಲಿ ಅದು ನಿಂತಿತ್ತು. ಯೋಚಿಸಿದರೆ ಇದು ಅಪಾಯವೇ ಅಲ್ಲ. ಹೈದರಾಬಾದಿನ ಬೀದಿಯಲ್ಲಿ ಕೊಂಡ ಸರ, ತಿರುಗಿ ಹೋಗಿ ಕೇಳಲು ಅಂಗಡಿಯಿಲ್ಲ. ನಕಲಿ ಎಂದು ನಾಲ್ಕು ಜನರೆದುರು ಒಮ್ಮೆ ಆದಮೇಲೆ ಅದನ್ನು ಹಿಡಿದುಕೊಂಡು ಮತ್ತೊಬ್ಬರ ಬಳಿ ಹೋಗುವ ಮುಖ ಯಾರಿಗಿದೆ? ಅವನು ನಲ್ಲಪ್ಪನ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಗಂಭೀರವಾಗಿ ಭೂತಗನ್ನಡಿ ಹಿಡಿದ. ಒಳ್ಳೆಯ ಮಾಲು, ಜಪಾನಿನದೇ. ತೂತಿನೊಳಗೆ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ತಿಕ್ಕಿದ, ಜರಜರ ಎಂದಿತು. ನಿಟ್ಟುಸಿರು ಬಿಟ್ಟು ತಲೆಯಾಡಿಸಿದ.

ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗುವಿನ ತೊಟ್ಟಿಲ ಪಕ್ಕದಲ್ಲೇ ಕೂತು ಅತ್ತಳು. ಶ್ಯಾಮಣ್ಣನಿಗೆ ಅಯ್ಯೋ ಪಾಪ ಅನಿಸಿತು. ಆ ಅನಿಸಿಕೆ ಇರುವಾಗಲೇ ಬಾಯಿ ತಾನಾಗಿ ಹೇಳಿತು.

‘ಅಳಬೇಡಿ ಅಕ್ಕಾ. ಇದು ಕಣ್ಣ ಮುಂದಿದ್ರೆ ದಿನಾ ಸಂಕಟ. ಕೊಡಿ, ನಾನೇ ಎಲ್ಲಾದ್ರೂ ಬಿಸಾಕ್ತೀನಿ.’

‘ತಗೊಂಡೋಗಪ್ಪಾ,’ ಎಂದಳು ಲಕ್ಷ್ಮಮ್ಮ. ‘ನನ್ನ ಕಣ್ಣಿಗೆ ಮಾತ್ರ ಕಾಣ್ಸಬ್ಯಾಡ.’

ಹೀಗೆ ಗ್ರೀಸಿನ ಡಬ್ಬಕ್ಕೆ ಎರಡನೆಯ ಸರ ಬಂತು. ಹಿಂದಿರುಗುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಶ್ಯಾಮಣ್ಣ ಒಬ್ಬನೇ ನಕ್ಕ. ಕೊಂಡವನಿಂದ ಕದಿಯುವುದು ಜಾಣತನ, ತನ್ನ ಮೂಲಕ ಕೊಳ್ಳದವರೂ ಕೈಯೆತ್ತಿ ಕೊಡುವಂತೆ ಮಾಡುವುದು ವಿದ್ಯೆ. ಈಗ ಸೈಟು ಮೂಲೆಯದೇ ತೆಗೆಯಬಹುದು, ಎರಡು ನಲ್ಲಿ ಹಾಕಿಸಬಹುದು. ಒಂದೇ ಒಂದು ಕಡೆಯಿಂದ ತೊಂದರೆ ಬರಬಹುದಾಗಿತ್ತು, ಆ ಕಡೆಯನ್ನೂ ಮುಚ್ಚಿಯಾಯಿತು. ಈ ಎರಡು ಸರ ಬಿಟ್ಟರೆ ಆ ಎರಡು ಮನೆಗಳಿಗೆ ಮುತ್ತಿನ ಸಂಬಂಧವೇ ಇಲ್ಲ. ತಿಕ್ಕಿ ನೋಡಲು ಗಾಜಿನದೊಂದು ಉಳಿದಿದೆ, ಅದು ಯಾವಾಗ ತಿಕ್ಕಿದರೂ ಪಾಸಾಗುತ್ತದೆ.

ರಜೆ ಸಿಕ್ಕಿತು. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ರೆಕ್ಸಿನ್ ಬ್ಯಾಗಿನ ತಳದಲ್ಲಿ ಗ್ರೀಸಿನ ಡಬ್ಬವಿಟ್ಟು, ಅದರ ಮೇಲೆ ಮಗುವಿಗೆಂದು ಕೊಂಡ ಉಲ್ಲನ್ ಟೋಪಿ ಇಟ್ಟು ಬಾಗಿಲಿಗೆ ಬೀಗ ಹಾಕಿದ. ಊರಿಗೆ, ಮಗುವನ್ನು ನೋಡಲು ಎಂದು ವಠಾರಕ್ಕೆಲ್ಲ ಹೇಳಿಯಾಗಿತ್ತು. ರೈಲು ಮಾತ್ರ ಬೇರೆ ಕಡೆಗೆ. ಗೇಟಿನ ಹತ್ತಿರ ಬರುವಷ್ಟರಲ್ಲಿ ದೊಡ್ಡಮನೆಯ ಜಗಲಿಯಿಂದ ಸೊಣ್ಣಮ್ಮ ಕೂಗಿದಳು.

‘ಇನ್‌ಸ್ಪೆಕ್ಟ್ರಪ್ಪಾ, ಒಂದ್ಗಳಿಗೆ ಬಂದೋಗು.’

‘ಬಸ್ಸಿಗೆ ಹೊತ್ತಾಯ್ತು ಅಮ್ಮಾ.’

‘ಬಸ್ಸೆಲ್ಲೋಯ್ತದೆ. ನಿನ್ನಿಂದ ದೊಡ್ಡ ಉಪ್ಕಾರ ಆಗೈತೆ ಕಣಪ್ಪಾ, ಒಂದ್ ಮಾತು ಯೋಳ್ಬುಟ್ಟು ಓಗು. ಈ ವಯ್ಯ ನಾನು ಯೋಳುದ್ರೆ ನಂಬ್ತಿಲ್ಲ.’

ಉಪಕಾರ ಎಂಬ ಮಾತು ಕೇಳಿ ಶ್ಯಾಮಣ್ಣ ತಿರುಗಿದ. ಹೊಗಳಿಕೆ ಕೇಳಿಯೂ ಮುಂದೆ ನಡೆಯುವಷ್ಟು ಗಟ್ಟಿ ಮನಸ್ಸು ಅವನಿಗೆ ಇನ್ನೂ ಬಂದಿರಲಿಲ್ಲ. ಮೆಟ್ಟಿಲು ಹತ್ತಿದ. ಸೊಣ್ಣಮ್ಮ ಅವನ ಕೈಯಿಂದ ಬ್ಯಾಗನ್ನು ಪ್ರೀತಿಯಿಂದ ಕಿತ್ತುಕೊಂಡು ತನ್ನ ಪಕ್ಕಕ್ಕೆ ಇಟ್ಟುಕೊಂಡಳು.

ಜಗಲಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಕಾಳಾಚಾರಿ ಎಂದು ಹೆಸರು, ಆ ಮನೆಗೆ ತಲೆತಲಾಂತರದಿಂದ ಒಡವೆ ಮಾಡಿಕೊಟ್ಟು ಸುಗ್ಗಿಯಲ್ಲಿ ರಾಗಿ ಅಳೆಸಿಕೊಂಡು ಹೋಗುವ ಅಕ್ಕಸಾಲಿಗರ ಪೈಕಿ. ಪೇಟೆಯ ಸೇಟುವನ್ನು ಹೀಗೆ ಕರೆಸಿ ಕೂರಿಸಿಕೊಳ್ಳಲಾಗುವುದಿಲ್ಲ, ಮನೆಯ ಆಚಾರಿಯನ್ನು ಹಾಸಿಗೆಯಿಂದ ಎಬ್ಬಿಸಿಯೂ ಕರೆಸಬಹುದು. ಅವನ ಮುಂದೆ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಒಂದು ಜೊತೆ ಬುಗುಡಿ. ಶ್ಯಾಮಣ್ಣ ತಲೆಯೆತ್ತಿ ಸೊಣ್ಣಮ್ಮನ ಕಿವಿಯ ಮೇಲ್ತುದಿಯನ್ನು ನೋಡಿದ. ಅಲ್ಲಿ ಖಾಲಿ ತೂತಿತ್ತು. ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ಎರಡಡಿ ದೂರದಲ್ಲಿ ಕಂಡ ಬುಗುಡಿ. ಈ ಸುತ್ತಿನ ಪ್ರತಿ ಮುದುಕಿಯ ಕಿವಿಯಲ್ಲೂ ಇರುವ ಬುಗುಡಿ, ಸುತ್ತಲೂ ಎಣ್ಣೆ ಕುಡಿದು ಹಳದಿಯಾದ ಸಣ್ಣಸಣ್ಣ ಮುತ್ತು. ಅವನು ಅವಳ ಕತ್ತನ್ನು ಅಳೆದಿದ್ದ, ಹಲ್ಲನ್ನು ನಂಬಿಸಿದ್ದ, ಕಿವಿಯನ್ನು ನೋಡಿರಲೇ ಇಲ್ಲ. ‘ನಮ್ಮತ್ತೆ ಆಕಿದ್ದು,’ ಎನ್ನುತ್ತಿದ್ದಳು ಸೊಣ್ಣಮ್ಮ, ‘ನೀನು ಯೋಳ್ಕೊಟ್ಟಂಗೆ ನೆನ್ನೆ ತಿಕ್ ನೋಡ್ದೆ ಕಣಪ್ಪಾ. ಬರೀ ಮರಳು. ಈ ಆಚಾರಿಯ ತಾತ ನಮ್ಮತ್ತೆಗೆ ಟೋಪಿ ಆಕವ್ನೆ. ಅಸಲಿ ಅಂದ್ರೆ ಯೆಂಗಿರ್ತದೆ ನೋಡ್ಕಳಯ್ಯಾ ಅಂತ ನನ್ನ ಸರಾನೇ ಬಿಚ್ಚಿ ಕೊಟ್ಟಿವ್ನಿ.’ ಕಾಳಾಚಾರಿ ಸರವನ್ನು ಕೈಗೆ ತೆಗೆದುಕೊಂಡ. ಸರದ ಒಂದು ಮಣಿಯನ್ನು ಹಲ್ಲಿಗೆ ತಿಕ್ಕಿದ, ಇನ್ನೊಂದನ್ನು ತಿಕ್ಕಿದ, ಆಮೇಲೆ ತಟ್ಟೆಯಲ್ಲಿದ್ದ ಬುಗುಡಿಯನ್ನು ತಿಕ್ಕಿದ. ಬಾಯಿಂದ ತೆಗೆದು ಪಂಚೆಗೆ ಒರೆಸಿಕೊಂಡ. ‘ಈ ಪಾಟ ನಿಮಗೆ ಯೋಳ್ಕೊಟ್ಟೋರು ಯಾರವ್ವಾ?’ ಎಂದು ಕೇಳಿದ. ಸೊಣ್ಣಮ್ಮ ಹೆಮ್ಮೆಯಿಂದ ಶ್ಯಾಮಣ್ಣನ ಭುಜದ ಮೇಲೆ ಕೈಯಿಟ್ಟು, ಇವ್ರೇ ಎಂದಳು.